ಗೋಡೆ ಕೆರೆಯುವಾಗ ನೆನಪಾದ ಕಲಾವಿದ

ಮಾನ್ಯ ಸಂಪಾದಕರೇ,

ನಾನು 30 ವರ್ಷದಿಂದ ಮನೆಗಳಿಗೆ ಬಣ್ಣ ಹೊಡೆಯುವವನು. ಕಳೆದ ವಾರ ಒಂದು ಹಳೇ ಮನೆಯ ಗೋಡೆ ಕೆರೆಯುತ್ತಿದ್ದೆ. ನೀಲಿಯ ಕೆಳಗೆ ಗುಲಾಬಿ, ಅದರ ಕೆಳಗೆ ಸುಣ್ಣ. ಸುಣ್ಣದ ಮೇಲೆ ಯಾವುದೋ ಮಗುವಿನ ಎತ್ತರ ಗುರುತು ಹಾಕಿದ ಮೂರು ಪೆನ್ಸಿಲ್ ಗೆರೆ. ಕೈ ಅಲ್ಲೇ ನಿಂತುಬಿಟ್ಟಿತು.

ಆಗ ನೆನಪಾದವರು 2024ರಲ್ಲಿ ತೀರಿಕೊಂಡ ಚಿತ್ರಕಾರ ಫ್ರಾಂಕ್ ಔರ್ಬಾಕ್. 1931ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. 1939ರಲ್ಲಿ ಅಪ್ಪ ಅಮ್ಮ ಮಗನನ್ನು ಇಂಗ್ಲೆಂಡಿಗೆ ಕಳಿಸಿ ತಾವು ಅಲ್ಲೇ ಉಳಿದರು. ಅವರನ್ನು ನಾಜಿಗಳು ಕೊಂದರು. ಮಗ ಲಂಡನ್ನಿನಲ್ಲಿ ಅದೇ ಕೆಲವು ಜನರನ್ನು ವರ್ಷಗಟ್ಟಲೆ ಎದುರು ಕೂರಿಸಿಕೊಂಡು ಚಿತ್ರ ಬರೆದರು. ಸರಿ ಬರಲಿಲ್ಲವೆಂದರೆ ಬಣ್ಣವನ್ನೆಲ್ಲ ಕೆರೆದು ತೆಗೆದು ಮತ್ತೆ ಮೊದಲಿಂದ! 1950ರ ದಶಕದ ಚಿತ್ರಗಳಲ್ಲಂತೂ ಬಣ್ಣ ಗಾರೆಯ ಹಾಗೆ ದಪ್ಪ. ಮೊದಲು ಮುಖವೇ ಕಾಣುವುದಿಲ್ಲ. ಸುಮ್ನೆ ನೋಡುತ್ತಾ ನಿಂತರೆ ತಗ್ಗಿದ ತಲೆ, ದಣಿದ ಕಣ್ಣು ನಿಧಾನವಾಗಿ ಮೇಲೆ ಬರುತ್ತವೆ. ದುಃಖ ಅಷ್ಟು ಬೇಗ ಕೈಗೆ ಸಿಗುವುದಿಲ್ಲ, ಅಲ್ವಾ?

ನಿಮ್ಮ ಭಾನುವಾರದ ಪುಟದಲ್ಲಿ ಇಂಥ ಚಿತ್ರ ಹಾಕುವಾಗ, ಪಕ್ಕದಿಂದ ಬೆಳಕು ಬಿಟ್ಟು ಹತ್ತಿರದಿಂದ ತೆಗೆದ ಒಂದು ಫೋಟೊವನ್ನೂ ಹಾಕಿ. ಬಣ್ಣದ ಉಬ್ಬು ತಗ್ಗು ನಮಗೂ ಕಾಣಲಿ.

– ಒಬ್ಬ ಪೇಂಟರ್, ಧಾರವಾಡ