ಭಾನುವಾರದ ಮಾತುಕತೆಗೆ: ಕೋರ್ಟಿನೊಳಗೆ ಇಂಗ್ಲಿಷ್ ಬಂದ ಬಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಇಂಗ್ಲಿಷ್ ಭಾಷೆ ತನ್ನ ಊರಲ್ಲೇ ಮೂಲೆಗೆ ಬಿದ್ದಿದ್ದ ಕಾಲದ ಬಗ್ಗೆ ಮಾತಾಡೋಣ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ ಫ್ರೆಂಚ್, ಚರ್ಚು ಮತ್ತು ದಾಖಲೆಗಳಲ್ಲಿ ಲ್ಯಾಟಿನ್, ಇಂಗ್ಲಿಷ್ ಮಾತ್ರ ಹೊಲ-ಸಂತೆಗಳಲ್ಲಿ ಸಾಮಾನ್ಯ ಜನರ ಬಾಯಲ್ಲಿ ಉಳಿಯಿತು. ಕೊನೆಗೆ 1362ರಲ್ಲಿ ಒಂದು ಕಾನೂನು ಬಂತು. ಕೋರ್ಟಿನಲ್ಲಿ ವಕೀಲರು ಫ್ರೆಂಚಿನಲ್ಲಿ ವಾದಿಸೋದರಿಂದ ತಮ್ಮ ಪರ ಏನು ಹೇಳ್ತಾರೆ, ವಿರುದ್ಧ ಏನು ಹೇಳ್ತಾರೆ ಅಂತ ಜನರಿಗೆ ತಿಳಿಯುತ್ತಿಲ್ಲ, ಹಾಗಾಗಿ ವಾದ ಇಂಗ್ಲಿಷಿನಲ್ಲೇ ನಡೆಯಲಿ ಅಂತ. ಆ ಕಾನೂನನ್ನು ಬರೆದಿದ್ದು ಫ್ರೆಂಚಿನಲ್ಲಿ! ದಾಖಲೆ ಲ್ಯಾಟಿನ್‌ನಲ್ಲೇ ಮುಂದುವರಿಯಿತು. ನನಗಂತೂ ಯುದ್ಧಗಳಿಗಿಂತ ಇದೇ ಜಾಸ್ತಿ ಮುಖ್ಯ ಅನಿಸುತ್ತೆ. ಗುಂಪಿನಲ್ಲಿರುವ ವಕೀಲರು ನಮ್ಮ ತಾಲ್ಲೂಕು ಕೋರ್ಟುಗಳ ಕನ್ನಡದ ಅನುಭವವನ್ನೂ ದಯವಿಟ್ಟು ಹೇಳಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.