ಹಳೆಯ ಮೈಸೂರು ರಸ್ತೆಯ ಊರುಗಳಿಗೆ ದಾರಿ ತೋರಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಮಂಡ್ಯ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಈಗ ಮಗನ ಮನೆಯಲ್ಲಿ ಬೆಂಗಳೂರಿನಲ್ಲಿರುವ ನನಗೆ ಆ 118 ಕಿಲೋಮೀಟರ್ ದೂರವನ್ನು ಬಸ್ಸಿನಲ್ಲಿ ಕುಳಿತು ಸವೆಸುವ ಕಷ್ಟ ಚೆನ್ನಾಗಿ ಗೊತ್ತು. ಆದ್ದರಿಂದ ಹೊಸ ರಸ್ತೆ ಬೇಡವಾಗಿತ್ತೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಆ ರಸ್ತೆ ಕೆಲವು ಊರುಗಳನ್ನು ಹೊರಗಿನಿಂದ ಬಳಸಿ, ಕೆಲವನ್ನು ಮೇಲ್ಸೇತುವೆಯ ಮೇಲಿಂದ ದಾಟಿ ಹೋದ ಮೇಲೆ ಆ ಊರುಗಳಿಗೆ ಬಂದುಹೋಗುವವರ ದಾರಿಯೇ ಮಸುಕಾಗಿದೆ. ಅದನ್ನು ಮತ್ತೆ ತೋರಿಸುವ ಕೆಲಸ ದೊಡ್ಡ ಖರ್ಚಿಲ್ಲದೆ ಆಗಬಹುದು ಎಂಬುದಷ್ಟೇ ನನ್ನ ನಿವೇದನೆ.

ಕಳೆದ ವರ್ಷ ಮೈಸೂರಿಗೆ ಹೋಗುವಾಗ ಒಂಬತ್ತು ವರ್ಷದ ನನ್ನ ಮೊಮ್ಮಗಳು, "ಅಜ್ಜಿ, ಮದ್ದೂರು ಯಾವಾಗ ಬರುತ್ತೆ?" ಎಂದು ಕೇಳಿದಳು. ಅಷ್ಟು ಹೊತ್ತಿಗೆ ಮದ್ದೂರು ನಮ್ಮ ಕಾರಿನ ಕೆಳಗೇ ಹಾದುಹೋಗಿತ್ತು. ಆ ಮಾತು ಮನಸ್ಸಿನಲ್ಲಿ ಉಳಿದಿತ್ತು. ಹಾಗಾಗಿ ಈ ವರ್ಷ ಸಂಕ್ರಾಂತಿಗೆ ಮುಂಚಿನ ಭಾನುವಾರ ಮಗ, ಸೊಸೆ, ಮೊಮ್ಮಗಳನ್ನು ಕರೆದುಕೊಂಡು ಬೆಳಿಗ್ಗೆ ಐದೂವರೆಗೇ ಹೊರಟು, ದಶಪಥಕ್ಕೆ ಹತ್ತದೆ ಹಳೆಯ ರಸ್ತೆಯಲ್ಲೇ ಮೇಲುಕೋಟೆಯವರೆಗೆ ಹೋದೆವು.

ಚನ್ನಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಭಾನುವಾರದ ಬೆಳಿಗ್ಗೆಯಾದರೂ ಬಾಗಿಲು ತೆರೆದಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ, ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಆ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತುವುದನ್ನೂ, ಮೇಲೆ ಕೇದಗೆ ಗರಿಯಿಂದ ಉಜ್ಜಿ ಹೊಳಪು ತರುವುದನ್ನೂ ಮಗು ಕಣ್ಣರಳಿಸಿ ನೋಡಿತು. ಆ ಬೊಂಬೆಗಳನ್ನು ಬೆಂಗಳೂರಿನ ಮಾಲ್‌ಗಳಲ್ಲೂ ಕೊಳ್ಳಬಹುದು. ಆದರೆ ಬಣ್ಣ ಮರಕ್ಕೆ ಹತ್ತುವ ಆ ಗಳಿಗೆಯನ್ನು ನೋಡಬೇಕಾದರೆ ಚನ್ನಪಟ್ಟಣಕ್ಕೇ ಹೋಗಬೇಕು.

ಅಲ್ಲಿಂದ ಮುಂದೆ ರುದ್ರಾಕ್ಷಿಪುರದ ಬಳಿ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಪಕ್ಷಿಧಾಮವೆಂದರೆ ಬೇಲಿ, ಟಿಕೆಟ್, ದೋಣಿ ಎಂದುಕೊಂಡಿದ್ದ ನನ್ನ ಸೊಸೆಗೆ, ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಿರುವುದನ್ನು ನೋಡಿ ನಂಬಲಾಗಲಿಲ್ಲ. ಮರದ ಕೆಳಗೆ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಅವರ ತಲೆಯ ಮೇಲಿನ ಕೊಂಬೆಯಲ್ಲಿ ಹೆಜ್ಜಾರ್ಲೆಯೊಂದು ಕಡ್ಡಿ ಜೋಡಿಸುತ್ತಿತ್ತು. ಇಬ್ಬರಿಗೂ ಇನ್ನೊಬ್ಬರಿಂದ ತೊಂದರೆ ಇದ್ದಂತೆ ಕಾಣಲಿಲ್ಲ. ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ತಲೆತಲಾಂತರದಿಂದ ಭಾವಿಸಿಕೊಂಡು ಬಂದಿದ್ದಾರೆ. ಗೂಡಿರುವ ಮರದ ಹುಣಸೆ ಫಸಲನ್ನು ಬಿಟ್ಟುಕೊಡುವ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುತ್ತದೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು ಊರಿನವರ ಈ ನಡವಳಿಕೆಗೆ ಸಂದ ಗೌರವವೆಂದೇ ನಾನು ತಿಳಿದಿದ್ದೇನೆ.

ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗುವುದುಂಟೇ? ಮೈದಾ, ಸಣ್ಣ ರವೆ, ಅಕ್ಕಿ ಹಿಟ್ಟಿಗೆ ಧಾರಾಳವಾಗಿ ಈರುಳ್ಳಿ ಹೆಚ್ಚಿ ಹಾಕಿ ತಟ್ಟಿ ಕರಿದ ಈ ವಡೆ 1917ರ ಸುಮಾರಿಗೆ ಅಲ್ಲಿನ ರೈಲು ನಿಲ್ದಾಣದಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಬಂಡಿ ನಿಂತಿತು, ಇಳಿದವರಿಗೆ ಹಸಿವಿತ್ತು, ಊರಿನವರೊಬ್ಬರು ತಟ್ಟೆ ಹಿಡಿದು ಬಂದರು. ಹೀಗೆ ಒಂದು ತಿನಿಸೂ ಒಂದು ಊರಿನ ಹೆಸರೂ ನಾಡಿಗೆಲ್ಲ ಗೊತ್ತಾಯಿತು. ಹೆದ್ದಾರಿ ಬಂದ ಮೇಲೆ ಬಂಡಿ ನಿಲ್ಲುತ್ತಿಲ್ಲ. ನಾವು ಹೋದ ಹೋಟೆಲಿನಲ್ಲಿ ಎಂಟೂವರೆಗೆ ಅರ್ಧ ಮೇಜುಗಳು ಖಾಲಿಯಿದ್ದವು. ಹಿಂದೆ ಆ ಹೊತ್ತಿಗೆ ಬಾಗಿಲಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ ಎಂಬುದನ್ನು ನಾನೇ ಬಲ್ಲೆ.

ದಿನದ ಮುಖ್ಯ ಗುರಿಯಾಗಿದ್ದದ್ದು ಆಲೆಮನೆ. ಮಂಡ್ಯ ದಾಟಿದ ಮೇಲೆ, ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಗದ್ದೆಗಳ ನಡುವೆ ಹೊಗೆ ಕಂಡ ಕಡೆ ಕಾರು ನಿಲ್ಲಿಸಿ ಒಳಗೆ ಬರಬಹುದೇ ಎಂದು ಕೇಳಿದೆವು. "ನಮ್ ಆಲೆಮನೆ ನೋಡಕ್ಕೆ ಬೆಂಗ್ಳೂರಿಂದ ಬಂದ್ರಾ ಅಮ್ಮಾ?" ಎಂದು ಮಾಲೀಕರು ಆಶ್ಚರ್ಯಪಟ್ಟರು. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ರಚ್ಚನ್ನೇ ತುಂಬುತ್ತಿದ್ದರು. ಸುಣ್ಣದ ತಿಳಿ ಹಾಕಿದಂತೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತಿತ್ತು, ಅದನ್ನು ಜಾಲರಿಯಿಂದ ಎತ್ತಿ ಹಾಕುತ್ತಿದ್ದರು. ಪಾಕ ಮಾಡುವವರು ಸೌಟಿನ ತುದಿಯ ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಇನ್ನೂ ಇಲ್ಲವೆಂದು ತಲೆಯಾಡಿಸಿದರು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಉಂಡೆ ಗಟ್ಟಿಯಾಗಿ ಉರುಳಿದ್ದೇ ತಡ, ನಾಲ್ಕು ಜನ ಒಟ್ಟಿಗೆ ಕೊಪ್ಪರಿಗೆ ಇಳಿಸಲು ಓಡಿದರು. ಯಂತ್ರದ ಸಹಾಯವಿಲ್ಲದೆ, ಬೆರಳಿನ ತುದಿಯಲ್ಲಿ ಹದ ತಿಳಿಯುವ ಈ ವಿದ್ಯೆಯನ್ನು ಮೊಮ್ಮಗಳು ಯಾವ ಪುಸ್ತಕದಿಂದಲೂ ಕಲಿಯಲಾರಳು.

ಅಲ್ಲಿಯೇ ಇನ್ನೊಂದು ಸಂಗತಿಯೂ ತಿಳಿಯಿತು. ಒಂದು ಟನ್ ಕಬ್ಬು ಅರೆದರೆ ಸಿಗುವುದು ಹೆಚ್ಚುಕಡಿಮೆ 100 ಕಿಲೋ ಬೆಲ್ಲ. ಅದು ಸಹಜವಾಗಿ ಕಂದು ಬಣ್ಣದ್ದು. ಪೇಟೆಯ ಗಿರಾಕಿಗೆ ಹೊಂಬಣ್ಣದ ಬೆಲ್ಲವೇ ಬೇಕು. ಬಿಳಿಚಿದಷ್ಟೂ ಬೆಲೆ ಹೆಚ್ಚು. ಅದಕ್ಕಾಗಿ ಎಷ್ಟೋ ಕಡೆ ಪಾಕಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಬೆರೆಸುತ್ತಾರೆ. ನಾವು ನೋಡಿದ ಆಲೆಮನೆಯವರು ಬೆರೆಸುತ್ತಿರಲಿಲ್ಲ, ಆದರೆ ತಮ್ಮ ಕಪ್ಪು ಬೆಲ್ಲವನ್ನು ಮಂಡಿಯಲ್ಲಿ ಕೇಳುವವರಿಲ್ಲವೆಂದು ಹೇಳಿದರು. ಕಣ್ಣಾರೆ ನೋಡಿದ ಮೇಲೆ ನಮ್ಮ ಸೊಸೆ ಆ ಕಪ್ಪು ಅಚ್ಚನ್ನೇ ಹತ್ತು ಕಿಲೋ ಕೊಂಡಳು. ಬೆಲ್ಲ ತಿನ್ನುವವರು ಆಲೆಮನೆಯವರೆಗೆ ಬಂದರೆ ಎರಡೂ ಕಡೆಯವರಿಗೆ ಒಳ್ಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ನಾವು ಕುಡಿದ ಹಾಲಿಗೆ, ಮಗುವಿನ ಕೈಗೆ ಎಲೆಯಲ್ಲಿ ಹಾಕಿಕೊಟ್ಟ ಬಿಸಿ ಬೆಲ್ಲಕ್ಕೆ ಅವರು ಕಾಸು ಮುಟ್ಟಲಿಲ್ಲ. ಮಧ್ಯಾಹ್ನ ಅವರ ಮನೆಯಲ್ಲೇ ರಾಗಿ ಮುದ್ದೆ, ಹಸಿ ಅವರೆಕಾಳಿನ ಉಪ್ಪುಸಾರು, ಮೇಲೆ ಅರೆದ ಖಾರ ಬಡಿಸಿ ಕಳಿಸಿದರು. ಅದಕ್ಕೂ ಹಣ ಬೇಡವೆಂದರು. ಈ ಔದಾರ್ಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆಯೆಂಬುದು ಹೆಮ್ಮೆಯ ವಿಷಯ. ಆದರೆ ಬಂದವರಿಗೆಲ್ಲ ಪುಕ್ಕಟೆ ಬಡಿಸುತ್ತಾ ಹೋದರೆ ಯಾವ ರೈತನ ಮನೆಯೂ ತಡೆಯುವುದಿಲ್ಲ. ಹಾಗೆ ಬಯಸುವುದು ನಮಗೂ ಶೋಭೆಯಲ್ಲ. ನೋಡಲು ಇಷ್ಟು, ಊಟಕ್ಕೆ ಇಷ್ಟು ಎಂಬ ದರ ನಿಗದಿಯಾಗಿದ್ದರೆ ಕೊಡುವವರಿಗೂ ಸಂಕೋಚವಿಲ್ಲ, ಪಡೆಯುವವರಿಗೂ ಸಂಕೋಚವಿಲ್ಲ. ನೆರೆಯ ಮಹಾರಾಷ್ಟ್ರ 2020ರಲ್ಲೇ ಕೃಷಿ ಪ್ರವಾಸೋದ್ಯಮಕ್ಕೆಂದು ಪ್ರತ್ಯೇಕ ನೀತಿ ರೂಪಿಸಿತು. ನಮ್ಮಲ್ಲಿಯೂ ಪ್ರವಾಸೋದ್ಯಮ ಮತ್ತು ಕೃಷಿ ಇಲಾಖೆಗಳು ಕೂಡಿ, ಬರಮಾಡಿಕೊಳ್ಳಲು ಇಷ್ಟವಿರುವ ಆಲೆಮನೆ, ರೇಷ್ಮೆ ಸಾಕಣೆ ಮನೆ, ತೋಟಗಳ ಪಟ್ಟಿಯೊಂದನ್ನು ತಾಲ್ಲೂಕುವಾರು ಮಾಡಿ ಪ್ರಕಟಿಸಬಹುದು. ಊಟದ ಹೊಣೆಯನ್ನು ಆಯಾ ಊರಿನ ಸ್ತ್ರೀಶಕ್ತಿ ಸಂಘಗಳಿಗೆ ವಹಿಸಿದರೆ ಮುದ್ದೆ, ಉಪ್ಪುಸಾರು, ಹಿತಕಿದ ಬೇಳೆಯನ್ನು ಅವರಿಗಿಂತ ಚೆನ್ನಾಗಿ ಮಾಡುವವರು ಯಾರಿದ್ದಾರೆ?

ಮೇಲುಕೋಟೆ ತಲುಪಿದಾಗ ಸಂಜೆ ನಾಲ್ಕಾಗಿತ್ತು. ಚೆಲುವನಾರಾಯಣನ ದರ್ಶನ, ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಎಲೆಯಲ್ಲಿ ತಿಂದ ಎಳ್ಳಿನ ಘಮದ ಪುಳಿಯೋಗರೆ, ಸಕ್ಕರೆ ಪೊಂಗಲು. ಇವುಗಳ ಬಗ್ಗೆ ನಿಮ್ಮ ಓದುಗರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ನೋವಾದದ್ದು ಅದೇ ಮೆಟ್ಟಿಲ ಸಂದುಗಳಲ್ಲಿ ಸಿಕ್ಕಿಸಿದ್ದ ನೀರಿನ ಬಾಟಲಿಗಳನ್ನೂ ಪ್ಲಾಸ್ಟಿಕ್ ತಟ್ಟೆಗಳನ್ನೂ ನೋಡಿ. ಅವನ್ನು ಅಲ್ಲಿ ಬಿಟ್ಟುಹೋದವರು ನಮ್ಮಂತೆಯೇ ಒಂದು ದಿನದ ಮಟ್ಟಿಗೆ ಬಂದವರು. ಪಟ್ಟಣದವರನ್ನು ಹಳ್ಳಿಗೆ ಕರೆಯಿರಿ ಎನ್ನುವ ನಾನು, ಬರುವವರು ತಂದ ಕಸವನ್ನು ತಾವೇ ಹಿಂದಕ್ಕೆ ಒಯ್ಯಬೇಕೆಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಇಡೀ ದಿನದಲ್ಲಿ ನಮ್ಮನ್ನು ನಿಜವಾಗಿ ಕಂಗೆಡಿಸಿದ್ದು ಶೌಚಾಲಯದ ಸಮಸ್ಯೆ. ದಾರಿಯಲ್ಲಿ ಸಿಕ್ಕ ಒಂದು ಊರಿನ ಬಸ್ ನಿಲ್ದಾಣದಲ್ಲಿ ಮಹಿಳೆಯರ ಶೌಚಾಲಯಕ್ಕೆ ಬೀಗ ಹಾಕಿತ್ತು. ಕೀಲಿ ಯಾರ ಬಳಿಯಿದೆಯೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅಪರಿಚಿತರೊಬ್ಬರ ಮನೆಯ ಬಾಗಿಲು ತಟ್ಟಬೇಕಾಯಿತು. ಅವರು ಆದರದಿಂದ ಒಳಗೆ ಕರೆದರು, ಆ ಮಾತು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಹಳೆಯ ರಸ್ತೆಯ ಊರೂರಿಗೂ ನಿಲ್ಲುವುದು ಅವೇ ಬಸ್ಸುಗಳು. ಕಾರಿಲ್ಲದ ಹೆಂಗಸರೂ ಗುಂಪು ಕಟ್ಟಿಕೊಂಡು ಒಂದು ದಿನ ಇಂಥ ಊರುಗಳಿಗೆ ಹೋಗಿಬರುವ ಅನುಕೂಲ ಹೀಗೆ ಕೈಗೆಟುಕಿರುವಾಗ, ಬೀಗ ಹಾಕಿದ ಒಂದು ಬಾಗಿಲು ಅವರನ್ನು ಮನೆಯಲ್ಲೇ ಉಳಿಸಿಬಿಡುತ್ತದೆ.

ಇನ್ನು ಫಲಕಗಳ ವಿಚಾರ. ರಾತ್ರಿ ಹಿಂದಿರುಗುವಾಗ ತಡವಾದ್ದರಿಂದ ದಶಪಥದಲ್ಲೇ ಬಂದೆವು. ಹೊರದಾರಿಗಳ ಬಳಿ ಊರಿನ ಹೆಸರು, ದೂರ ಇವಿಷ್ಟೇ ನನ್ನ ಕಣ್ಣಿಗೆ ಬಿದ್ದವು. ಅಲ್ಲಿ ಇಳಿದರೆ ಏನು ಸಿಗುತ್ತದೆ, ಏನು ನೋಡಬಹುದು, ಮತ್ತೆ ಹೆದ್ದಾರಿಗೆ ಸೇರುವುದು ಎಲ್ಲಿ ಎಂಬ ಸೂಚನೆಯೂ ಇದ್ದರೆ ಹತ್ತು ಕಾರುಗಳಲ್ಲಿ ಒಂದಾದರೂ ಇಳಿಯುತ್ತದೆಂದು ನನ್ನ ನಂಬಿಕೆ. ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲದ ಕಾರಣ ಸ್ಥಳೀಯ ರೈತರ ಓಡಾಟವೆಲ್ಲ ಹಳೆಯ ರಸ್ತೆ ಮತ್ತು ಸರ್ವಿಸ್ ರಸ್ತೆಗಳಲ್ಲೇ ನಡೆಯುತ್ತಿದೆ; ಅವುಗಳ ಗುಂಡಿ ಮುಚ್ಚಿದರೆ ಕಬ್ಬಿನ ಗಾಡಿಗೂ ಪ್ರವಾಸಿಗರ ಕಾರಿಗೂ ಒಟ್ಟಿಗೇ ಉಪಕಾರ.

ಚಳಿಗಾಲ ಬರುತ್ತಿದ್ದಂತೆ ಹೆಜ್ಜಾರ್ಲೆಗಳು ಮತ್ತೆ ಕೊಕ್ಕರೆ ಬೆಳ್ಳೂರಿಗೆ ಬರುತ್ತವೆ, ಅವರೆಯ ಸೊಗಡು ಸಂತೆಗಳನ್ನು ತುಂಬುತ್ತದೆ. ಅಷ್ಟರೊಳಗೆ ಈ ಮಾರ್ಗದ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳ ಬೀಗ ತೆಗೆಸಿ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಹೊರದಾರಿಗಳಲ್ಲಿ ವಿವರವುಳ್ಳ ಫಲಕಗಳನ್ನು ನಿಲ್ಲಿಸಬೇಕೆಂದು ಸಂಬಂಧಪಟ್ಟವರನ್ನು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಬೆಂಗಳೂರು