ಹಕ್ಕಿ ಎಬ್ಬಿಸಿ ರೀಲ್ಸ್ ಮಾಡಬೇಡಿ

ಮಾನ್ಯರೇ,

ಡಿಸೆಂಬರ್ ಬಂದರೆ ಕುಮಟಾ ಸುತ್ತಮುತ್ತ ಹಕ್ಕಿ ನೋಡುವವರಿಗೆ ಹಬ್ಬ. ಕಳೆದ ಭಾನುವಾರ ಇಳಿತದ ಹೊತ್ತಿಗೆ ಧಾರೇಶ್ವರದ ಕಡಲತೀರಕ್ಕೆ ಹೋಗಿದ್ದೆ. ಒದ್ದೆ ಮರಳಿನ ಮೇಲೆ ಪುಟ್ಟ ಗೊರವಗಳ ಹಿಂಡು. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ಮರಳಿನಿಂದ ಒಂದು ಹುಳ ಎಳೆಯುವುದು, ಮತ್ತೆ ಓಟ. ಅಂಗೈಯಗಲದ ಈ ಹಕ್ಕಿ ಹಿಮಾಲಯ, ಟಿಬೆಟ್ ಕಡೆಯಿಂದ ಬರುತ್ತದೆ ಅಂದರೆ ನಂಬುವುದೇ ಕಷ್ಟ, ಅಲ್ವಾ?

ಅಷ್ಟರಲ್ಲಿ ಜೀಪೊಂದು ನೀರಂಚಿನಲ್ಲೇ ನುಗ್ಗಿತು. ಹಿಂಡು ಎದ್ದಿತು. ಸ್ವಲ್ಪ ದೂರ ಹೋಗಿ ಕೂತಿತು. ಜೀಪು ತಿರುಗಿ ಬಂತು. ಮೊಬೈಲಿಗೆ ಚೆಂದದ ರೀಲ್ಸ್ ಬೇಕಲ್ಲ! ಮೂರನೇ ಸಲಕ್ಕೆ ಹಕ್ಕಿಗಳು ಹೋಗಿಯೇಬಿಟ್ಟವು.

ಇದು ಸುಮ್ನೆ ತಮಾಷೆಯಲ್ಲ. ಇಳಿತದ ಕೆಲವೇ ಗಂಟೆ ಇವುಗಳ ಊಟದ ಹೊತ್ತು. ವಾಪಸ್ ಹೊರಡಲು ಬೇಕಾದ ಕೊಬ್ಬು ಕೂಡಬೇಕಾದ್ದೂ ಇಲ್ಲೇ. ಉಬ್ಬರ ಬಂದಾಗ ಸಿಗಡಿ ಕೆರೆಗಳ ದಂಡೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬದುಗಳಲ್ಲಿ ಒಂಟಿಕಾಲಲ್ಲಿ ನಿಂತು ತೂಕಡಿಸುವ ಹಕ್ಕಿಗಳನ್ನು ನೋಡಬಹುದು. ಅಲ್ಲಿ ದೂರ ನಿಂತು ದುರ್ಬೀನಿನಲ್ಲಿ ನೋಡಿದರೆ ಅವು ಕದಲುವುದೂ ಇಲ್ಲ.

ಪಕ್ಕದ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಾವೆಲ್ಲ ಹೆಮ್ಮೆಪಟ್ಟಿದ್ದೂ ಆಯ್ತು. ನವೆಂಬರಿನಿಂದ ಮಾರ್ಚ್‌ವರೆಗಾದರೂ ಈ ಭಾಗದ ಮರಳಿಗೆ ವಾಹನ ಇಳಿಯದಂತೆ ಎರಡು ಕಲ್ಲುಕಂಬ ನೆಟ್ಟರೆ ಸಾಕು. ಖರ್ಚೂ ಜಾಸ್ತಿಯಲ್ಲ.

– ಓದುಗ, ಕುಮಟಾ